ತೌಡಾ, ಹಿಂಡಿಯಾ, ರೇಷ್ಮೆ ಹುಳುವಾ? ಎರಡು ಹೊಂಡದಲ್ಲಿ ನಾನು ಕಂಡದ್ದು

ಮಂಡ್ಯ ಕಡೆ ರೈಸ್ ಮಿಲ್ಲಿಗೆ ಕೊರತೆ ಇಲ್ಲ. ಹಾಗಾಗಿ ಮೀನು ಸಾಕುವವರೆಲ್ಲ ಮೊದಲು ಕೈ ಹಾಕುವುದು ತೌಡಿಗೇ. ನಾನೂ ಹಾಗೇ ಶುರು ಮಾಡಿದೆ.

ನಮ್ಮ ಎರಡು ಹೊಂಡ ಅಕ್ಕಪಕ್ಕ ಇವೆ. ಒಂದೇ ಅಳತೆ, ಒಂದೇ ಬೋರ್‌ವೆಲ್ ನೀರು. ಮರಿ ಬಿಟ್ಟದ್ದೂ ಒಂದೇ ದಿನ: ಹತ್ತಕ್ಕೆ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್. ಮೊದಲ ವರ್ಷ ಒಂದಕ್ಕೆ ಬರೀ ತೌಡು, ಇನ್ನೊಂದಕ್ಕೆ ತೌಡು ಮತ್ತು ಕಡಲೆಕಾಯಿ ಹಿಂಡಿ ಅರ್ಧ ಅರ್ಧ.

ನಾಲ್ಕನೇ ತಿಂಗಳು ಬೀಸುಬಲೆ ಹಾಕಿದೆ. ಬರೀ ತೌಡು ತಿಂದ ಕಾಟ್ಲಾಗಳಿಗೆ ತಲೆ ದೊಡ್ಡದು, ಮೈ ಬಡಕಲು. ಪಕ್ಕದ ಹೊಂಡದವು ಕೈಯಲ್ಲಿ ಹಿಡಿದರೆ ಬೆನ್ನು ತುಂಬಿಕೊಂಡಿದ್ದವು. ತಕ್ಕಡಿ ಬೇಕೇ ಇರಲಿಲ್ಲ. ತೌಡಿನಲ್ಲಿ ಪ್ರೋಟೀನ್ ನೂರಕ್ಕೆ 12ರ ಆಸುಪಾಸು, ಒಳ್ಳೆ ಕಡಲೆಕಾಯಿ ಹಿಂಡಿಯಲ್ಲಿ 40ರ ಮೇಲೆ. ಎರಡೂ ಬೆರೆತರೆ 25 ದಾಟುತ್ತದೆ, ಬೆಳೆಯುವ ಮರಿಗೆ ಬೇಕಾದದ್ದು ಅಷ್ಟು. ಹಿಂಡಿ ದುಬಾರಿ, ನಿಜ. ಆದರೆ ಬಡಕಲು ಮೀನಿಗೆ ವ್ಯಾಪಾರಿ ಕೊಡುವ ಬೆಲೆ ನೋಡಿದ ಮೇಲೆ ಆ ದುಡ್ಡು ನನಗೆ ಜಾಸ್ತಿ ಅನ್ನಿಸಲಿಲ್ಲ.

ತೌಡಿನ ವಿಷಯದಲ್ಲಿ ಇನ್ನೊಂದು ಪೆಟ್ಟು ತಿಂದೆ. ಕಡಿಮೆಗೆ ಸಿಕ್ಕಿತು ಅಂತ ಹದಿನೈದು ಚೀಲ ಒಟ್ಟಿಗೆ ತಂದು ಕೊಟ್ಟಿಗೆಯಲ್ಲಿ ಪೇರಿಸಿದೆ. ಮೂರು ವಾರಕ್ಕೆ ಕಮಟು ವಾಸನೆ. ನೀರಿಗಿಟ್ಟರೆ ಮೀನು ಮೂಸಿ ಹೋಗುತ್ತಿದ್ದವು, ಮೇಲೆ ಎಣ್ಣೆ ಪಸೆ ತೇಲುತ್ತಿತ್ತು. ಅಕ್ಕಿಯಿಂದ ಬೇರೆಯಾದ ಕೂಡಲೇ ತೌಡಿನ ಎಣ್ಣೆ ಕೆಡಲು ಶುರುವಾಗುತ್ತದೆ. ಕುಚ್ಚಲಕ್ಕಿ ತೌಡು ಭತ್ತದ ಹಂತದಲ್ಲೇ ಬೆಂದಿರುವುದರಿಂದ ಹೆಚ್ಚು ದಿನ ತಡೆಯುತ್ತದೆ. ಈಗ ವಾರಕ್ಕಾಗುವಷ್ಟೇ ತರುತ್ತೇನೆ, ತರುವ ಮೊದಲು ಒಂದು ಹಿಡಿ ಮೂಸಿ ನೋಡುತ್ತೇನೆ. ಹಿಂಡಿಯನ್ನು ಮುರಿದೇ ನೋಡಬೇಕು. ಒಳಗೆ ಹಸಿರು ಬೂಷ್ಟು ಕಂಡರೆ ಬೇಡವೇ ಬೇಡ, ಆ ವಿಷ ಬಿಸಿಲಿಗೆ ಒಣಗಿಸಿದರೂ ಹೋಗುವುದಿಲ್ಲ.

ಎರಡನೇ ವರ್ಷ ಒಂದು ಹೊಂಡದಲ್ಲಿ ಹಿಂಡಿ ಬದಲು ರಾಮನಗರದಿಂದ ತಂದ ರೇಷ್ಮೆ ಹುಳು, ಅಂದರೆ ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಪ್ಯೂಪಾ. ಒಣಗಿದ್ದರೆ ಪ್ರೋಟೀನ್ ಹಿಂಡಿಗಿಂತಲೂ ಜಾಸ್ತಿ. ಮೀನು ಮುಗಿಬಿದ್ದು ತಿಂದವು, ಬೆಳವಣಿಗೆಯೂ ಚೆನ್ನಾಗಿತ್ತು. ಆದರೆ ನನ್ನದು ಹಸಿ ಹಸಿಯಾಗಿದ್ದ ಮಾಲು. ನಾತಕ್ಕೆ ಮನೆಯವರು ಕೊಟ್ಟಿಗೆ ಕಡೆ ಬರುವುದನ್ನೇ ಬಿಟ್ಟರು. ಹಾಕಿದ್ದೂ ಕೈಮೀರಿತು. ಮೋಡ ಕವಿದಿದ್ದ ಒಂದು ಬೆಳಗ್ಗೆ ಹೋಗಿ ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ತಳದಲ್ಲಿ ಕೊಳೆತದ್ದು ನೀರಿನ ಆಮ್ಲಜನಕ ತಿಂದುಹಾಕಿತ್ತು. ಮಧ್ಯಾಹ್ನದವರೆಗೂ ಮೋಟಾರ್ ಓಡಿಸಿದೆ. ಆದರೂ ಹನ್ನೊಂದು ಮೀನು ಹೋದವು. ಆ ಸಂಕಟ ಇನ್ನೂ ಇದೆ.

ಅಂದಿನಿಂದ ಎರಚುವುದನ್ನು ಬಿಟ್ಟೆ. ತೊಳೆದ ಪ್ಲಾಸ್ಟಿಕ್ ಚೀಲದ ಅಡಿಗೆ ತೂತು ಮಾಡಿ ಬಿದಿರು ಗಳಕ್ಕೆ ಕಟ್ಟಿ ನೀರಿಗಿಳಿಸುತ್ತೇನೆ. ಆಂಧ್ರದ ಕೊಲ್ಲೇರು ಕಡೆಯವರ ಪದ್ಧತಿ ಇದು. ಮೀನು ತೂತಿಗೆ ಬಾಯಿ ಹಾಕಿ ತಿನ್ನುತ್ತವೆ. ಸಂಜೆ ಚೀಲ ಎತ್ತಿದಾಗ ಉಳಿದಿದ್ದರೆ ಮರುದಿನ ಕಮ್ಮಿ. ಮೋಡ ಇದ್ದರೆ ಅರ್ಧ.

ಅಗ್ಗ ಅಂತ ಯಾರಾದರೂ ಹಿಪ್ಪೆ ಹಿಂಡಿ ಕೊಟ್ಟರೆ ಮೀನಿಗೆ ಹಾಕಬೇಡಿ. ಮರಿ ಬಿಡುವ ಮುಂಚೆ ಹೊಂಡದ ಬೇಡದ ಮೀನು ಕೊಲ್ಲಲು ಬಳಸುವುದೇ ಅದನ್ನು.

ಈ ಸಲ ಎರಡೂ ಹೊಂಡಕ್ಕೆ ತೌಡು, ಕಡಲೆಕಾಯಿ ಹಿಂಡಿಯೇ. ಮೊದಲ ಎರಡು ತಿಂಗಳು ಹಿಂಡಿ ಜಾಸ್ತಿ, ಆಮೇಲೆ ತೌಡು ಜಾಸ್ತಿ. ಚೆನ್ನಾಗಿ ಒಣಗಿದ, ಎಣ್ಣೆ ತೆಗೆದ ಪ್ಯೂಪಾ ಸಿಕ್ಕರೆ ಮಾತ್ರ ಹಿಂಡಿಯ ಕಾಲು ಭಾಗದ ಬದಲು ಅದನ್ನು ಸೇರಿಸುತ್ತೇನೆ.