ಪ್ರಯಾಣಕ್ಕೆ ಎರಡನೇ ಸ್ಟ್ರಾಲರ್ ಕೊಳ್ಳುವವರೇ, ಮೊದಲು ಕೀಲು ನೋಡಿ

ಮಗನ ಬೆರಳು ಈಗ ವಾಸಿಯಾಗಿದೆ. ಉಗುರು ಮಾತ್ರ ಇನ್ನೂ ಕಪ್ಪಗಿದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಬೇರೆ ಮಕ್ಕಳಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮನೆಯಲ್ಲಿ ಮೊದಲೇ ಒಂದು ದೊಡ್ಡ ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ಇತ್ತು. ಪಾರ್ಕಿಗೆ ತುಂಬಾ ಚೆನ್ನ. ಆದರೆ 11 ಕಿಲೋ ತೂಕ, ಆಟೋದಲ್ಲಿಟ್ಟರೆ ಕಾಲಿಡಲು ಜಾಗ ಇರುವುದಿಲ್ಲ. ನಾನು ತಿಂಗಳಿಗೆ ಎರಡು ಸಲ ರಾಜಾಜಿನಗರದಿಂದ ಮೈಸೂರಿಗೆ ಅಮ್ಮನ ಮನೆಗೆ ಹೋಗುತ್ತೇನೆ, ಮೆಜೆಸ್ಟಿಕ್‌ವರೆಗೆ ಮೆಟ್ರೋ, ಅಲ್ಲಿಂದ ರೈಲು, ಹೆಚ್ಚಾಗಿ ನಾನೂ ಮಗುವೂ ಇಬ್ಬರೇ. ಹಗುರವಾದದ್ದು ಇನ್ನೊಂದಿರಲಿ ಅಂತ ಆನ್‌ಲೈನ್‌ನಲ್ಲಿ ತರಿಸಿದೆ. 6 ಕಿಲೋ, ಒಂದೇ ಕೈಯಲ್ಲಿ ಮಡಚಬಹುದು, ವಿಮಾನದ ಕ್ಯಾಬಿನ್‌ಗೂ ಆಗುತ್ತದೆ ಅಂತ ಹಾಕಿದ್ದರು. ವಿಡಿಯೋದಲ್ಲಿ ಒಬ್ಬಾಕೆ ಕ್ಷಣದಲ್ಲಿ ಮಡಚಿ ಹೆಗಲಿಗೆ ಹಾಕಿಕೊಂಡು ನಡೆದಳು. ಅವಳ ಕಂಕುಳಲ್ಲಿ ಮಗು ಇರಲಿಲ್ಲ. ನನಗೆ ಆಗ ಅದು ಹೊಳೆಯಲೇ ಇಲ್ಲ.

ಮೊದಲ ಪ್ರಯಾಣದಲ್ಲೇ ಗೊತ್ತಾಯಿತು. ಮೆಟ್ರೋ ಹತ್ತುವಾಗ ಮುಂದಿನ ಪುಟ್ಟ ಚಕ್ರ ಅಡ್ಡ ತಿರುಗಿ, ಪ್ಲಾಟ್‌ಫಾರಂಗೂ ಬೋಗಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಹಿಂದಿದ್ದವರು ಎತ್ತಿಕೊಟ್ಟರು. (ಹಿಂದಿನ ಚಕ್ರ ಮೊದಲು ಬರುವಂತೆ ತಿರುಗಿಸಿ ಎಳೆದುಕೊಂಡರೆ ಸಿಕ್ಕುವುದು ಕಡಿಮೆ, ಆಮೇಲೆ ಕಲಿತೆ.) ರೈಲಿನ ಬಾಗಿಲಲ್ಲಿ ಮಗುವನ್ನು ಎತ್ತಿದ್ದೇ ತಡ, ಹ್ಯಾಂಡಲ್‌ಗೆ ನೇತುಹಾಕಿದ್ದ ಬ್ಯಾಗಿನ ಭಾರಕ್ಕೆ ಗಾಡಿ ಹಿಂದಕ್ಕೆ ಮಗುಚಿತು. ಮಡಚಲು ಎರಡು ಬಟನ್ ಒಟ್ಟಿಗೆ ಒತ್ತಬೇಕು, ಕೆಳಗಿನ ಕಂಬಿಯನ್ನು ಕಾಲಲ್ಲಿ ಮೇಲಕ್ಕೆತ್ತಬೇಕು. ಸೊಂಟದ ಮೇಲೆ ಮಗು ಇಟ್ಟುಕೊಂಡು, ಹಿಂದೆ ಜನ ನೂಕುತ್ತಿರುವಾಗ ಅದು ಆಗುವ ಕೆಲಸವೇ ಅಲ್ಲ.

ಮೈಸೂರಿನಲ್ಲಿ ಇಳಿದು ಬಿಚ್ಚಿದೆ. ಟಕ್ ಅಂತ ಸದ್ದು ಬಂತು, ಲಾಕ್ ಆಯಿತು ಅಂದುಕೊಂಡೆ. ಆದದ್ದು ಒಂದು ಪಕ್ಕ ಮಾತ್ರ. ಸ್ಟೇಷನ್ ಹೊರಗೆ ಒಂದು ಸಣ್ಣ ಹಳ್ಳಕ್ಕೆ ಚಕ್ರ ಇಳಿದದ್ದೇ, ಬಲಗಡೆಯ ಕಂಬಿ ಒಳಕ್ಕೆ ಮಡಚಿಕೊಂಡಿತು. ಅವನ ಕೈ ಅಲ್ಲೇ ಕೀಲಿನ ಮೇಲಿತ್ತು. ಆ ಕೂಗು ಇನ್ನೂ ಕಿವಿಯಲ್ಲಿದೆ. ಕಂಬಿ ಬಿಡಿಸುವಾಗ ನನ್ನ ಕೈ ನಡುಗುತ್ತಿತ್ತು, ಯಾವ ಬಟನ್ ಯಾವುದಕ್ಕೆ ಅಂತಲೂ ಮರೆತುಹೋಗಿತ್ತು. ಎಕ್ಸ್‌ರೇ ಆಯಿತು. ಮೂಳೆಗೆ ಏನೂ ಆಗಿರಲಿಲ್ಲ.

ರಾತ್ರಿ ಕೂತು ಗಾಡಿಯನ್ನು ಸರಿಯಾಗಿ ನೋಡಿದೆ. ಕೀಲಿಗೆ ಮುಚ್ಚಳವೇ ಇಲ್ಲ. ನಡುವಿನ ಸಂದಿ ಮಗುವಿನ ಬೆರಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಇದು ಹೊಸ ಅಪಾಯವೂ ಅಲ್ಲ. ಅಮೆರಿಕದಲ್ಲಿ ಇಂಥದೇ ಕೀಲಿಗೆ ಸಿಕ್ಕಿ 12 ಮಕ್ಕಳ ಬೆರಳ ತುದಿ ತುಂಡಾಗಿತ್ತು. 2009ರಲ್ಲಿ ಸುಮಾರು 10 ಲಕ್ಷ ಸ್ಟ್ರಾಲರ್‌ಗಳನ್ನು ರೀಕಾಲ್ ಮಾಡಿ, ಅಂದರೆ ಮಾರಿದ ಗಾಡಿಗಳಲ್ಲಿ ಅಪಾಯವಿದೆ ಅಂತ ಸಾರಿ, ಕೀಲಿಗೆ ಹಾಕುವ ಕವರ್ ಕೊಟ್ಟರು. ನನಗೆ ಮಾರಿದವರು ಮಾತ್ರ, ನೀವು ಸರಿಯಾಗಿ ಲಾಕ್ ಮಾಡಿಲ್ಲ, ವಾಪಸ್ ಮಾಡುವ ದಿನವೂ ಮುಗಿದಿದೆ ಅಂದರು. 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ.

ದಯವಿಟ್ಟು ಬರೀ ತೂಕ ನೋಡಿ ಕೊಳ್ಳಬೇಡಿ. ಅಂಗಡಿಗೆ ಮಗುವನ್ನೂ ಕರೆದುಕೊಂಡು ಹೋಗಿ, ಎತ್ತಿಕೊಂಡೇ ಮೂರು ನಾಲ್ಕು ಸಲ ಮಡಚಿ ಬಿಚ್ಚಿ ನೋಡಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಮಗುವಿನ ಕೈ ಮಾತ್ರ ಕಂಬಿಗೆ ತಾಗದಿರಲಿ. ಬಿಚ್ಚಿದ ಮೇಲೆ ಖಾಲಿ ಗಾಡಿಯನ್ನೇ ಎರಡೂ ಪಕ್ಕದಿಂದ ಒತ್ತಿ, ಅಲ್ಲಾಡಿಸಿ ನೋಡಿ. ಮಡಚಿದಾಗ ತಾನಾಗಿ ನಿಲ್ಲುವಂತಿದ್ದರೆ ಬಸ್ಸಿನಲ್ಲಿ ಒಂದು ಕೈ ಉಳಿಯುತ್ತದೆ. ಮಡಚಿದ ಮೇಲೂ ಲಾಕ್ ಇರಬೇಕು, ಇಲ್ಲದಿದ್ದರೆ ಹೆಗಲ ಮೇಲೇ ಬಿಚ್ಚಿಕೊಳ್ಳುತ್ತದೆ. ಕ್ಯಾಬಿನ್ ಮಾತು ನಂಬುವ ಮುಂಚೆ ನೀವು ಹೋಗುವ ವಿಮಾನದವರನ್ನೇ ಕೇಳಿ, ಒಬ್ಬೊಬ್ಬರ ಅಳತೆ ಒಂದೊಂದು. ಲೇಬಲ್ ಮೇಲೆ ಇಎನ್ 1888 (ಯುರೋಪಿನ ಸುರಕ್ಷತಾ ಮಾನದಂಡ) ಅಥವಾ ಎಎಸ್‌ಟಿಎಂ ಎಫ್833 (ಅಮೆರಿಕದ್ದು) ಅಂತ ಇದೆಯಾ ಹುಡುಕಿ. ನನ್ನದರ ಮೇಲೆ ಯಾವುದೂ ಇರಲಿಲ್ಲ.

ಈಗ ಅತ್ತಿಗೆ ಕೊಟ್ಟ ಹಳೆಯದೊಂದನ್ನು ಬಳಸುತ್ತಿದ್ದೇನೆ. ಒಂದೂವರೆ ಕಿಲೋ ಜಾಸ್ತಿ ಭಾರ, ಆದರೆ ಕೀಲೆಲ್ಲ ಪ್ಲಾಸ್ಟಿಕ್ ಒಳಗಿದೆ. ಆ ಹೊಸದು ಅಟ್ಟ ಸೇರಿದೆ. ಪಕ್ಕದ ಮನೆಯವರು ಸುಮ್ನೆ ಇದೆಯಲ್ಲ, ನಮಗೆ ಕೊಡಿ ಅಂತ ಕೇಳಿದರು. ಕಪ್ಪಗಾದ ಉಗುರು ತೋರಿಸಿ, ಆಗುವುದಿಲ್ಲ ಅಂದೆ.