ಡಿಜಿಕ್ಯಾಮ್ ಜೊತೆ ಐದು ವರ್ಷ: ಫೋಟೋದ ಬೆನ್ನಿಗೆ ಬರೆಯುವುದು ಹೇಗೆ?

ಹಳೆಯ ಫೋಟೋಗಳ ಬೆನ್ನಿಗೆ ಅಪ್ಪ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು: ‘ಹೊರನಾಡು, 1984. ವಿಪರೀತ ಮಳೆ.’ ಆಲ್ಬಂ ಹರಿದರೂ, ಫೋಟೋ ಅತ್ತೆಯ ಮನೆ ಸೇರಿದರೂ ಆ ಬರಹ ಅದರ ಬೆನ್ನು ಬಿಡುತ್ತಿರಲಿಲ್ಲ. ಡಿಜಿಟಲ್ ಫೋಟೋಗೂ ಅಂಥದೊಂದು ಬೆನ್ನಿದೆ ಎಂಬುದು ನನಗೆ ಒಮ್ಮೆ ಕೈ ಸುಟ್ಟುಕೊಂಡ ಮೇಲೆಯೇ ತಿಳಿದದ್ದು.

ನಮ್ಮ ಮನೆಯಲ್ಲಿ ಮೊದಲಿದ್ದದ್ದು ಪಿಕಾಸಾ, ಫೋಟೋ ಜೋಡಿಸಿಡುವ ಗೂಗಲ್ ತಂತ್ರಾಂಶ. ಅದನ್ನು 2016ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಲೇ ಇದ್ದುದರಿಂದ ನಾನೂ ಸುಮ್ಮನಿದ್ದೆ. 2020ರಲ್ಲಿ ಬೇರೆಯದನ್ನು ಹುಡುಕಲು ಕುಳಿತಾಗ ಎದುರಿಗಿದ್ದವು ಮೂರು: ಶಾಟ್‌ವೆಲ್, ಎಕ್ಸ್‌ಎನ್‌ವ್ಯೂ ಎಂಪಿ, ಡಿಜಿಕ್ಯಾಮ್. ಶಾಟ್‌ವೆಲ್ ಬಲು ಸರಳ, ಆದರೆ ಲಿನಕ್ಸ್‌ಗೆ ಮಾತ್ರ, ಮನೆಯವರದು ವಿಂಡೋಸ್. ಎಕ್ಸ್‌ಎನ್‌ವ್ಯೂ ನೋಡಲು ಚುರುಕು, ಸ್ವಂತ ಬಳಕೆಗೆ ಉಚಿತ, ಆದರೆ ಮುಕ್ತ ತಂತ್ರಾಂಶವಲ್ಲ, ಅಂದರೆ ಅದರ ಒಳಗಿನ ಬರಹ ಎಲ್ಲರಿಗೂ ತೆರೆದಿಲ್ಲ. ಕೆಡಿಇ ಎಂಬ ತಂತ್ರಾಂಶ ಕಟ್ಟುವವರ ಸಮುದಾಯದ ಡಿಜಿಕ್ಯಾಮ್ ಮುಕ್ತವೂ ಹೌದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಆ ವರ್ಷವೇ ಬಂದ 7.0 ಆವೃತ್ತಿಯಲ್ಲಿ ಮುಖ ಗುರುತಿಸುವ ಭಾಗವನ್ನು ಹೊಸದಾಗಿ ಕಟ್ಟಿದ್ದರು. ಅದನ್ನೇ ಹಾಕಿಕೊಂಡೆ.

ಮೊದಲ ಬಾರಿ ತೆರೆದಾಗ ಅದು ಕೆಲವು ಪ್ರಶ್ನೆಗಳನ್ನು ಕೇಳುತ್ತದೆ. ನೀವು ಬರೆಯುವ ಹೆಸರು, ಗುರುತುಪಟ್ಟಿಗಳನ್ನು (ಟ್ಯಾಗ್) ಫೋಟೋ ಕಡತದ ಒಳಗೂ ಸೇರಿಸಬೇಕೇ, ಬೇಡವೇ ಎಂಬುದು ಅವುಗಳಲ್ಲೊಂದು. ಮೂಲ ಫೋಟೋ ಕೆಟ್ಟೀತೆಂಬ ಭಯದಲ್ಲಿ ‘ಬೇಡ’ ಎಂದೆ. ಎರಡು ವರ್ಷ ರಾತ್ರಿ ಊಟವಾದ ಮೇಲೆ ಕುಳಿತು ಹೆಸರು ಬರೆದೆ. ಹೊಸ ಲ್ಯಾಪ್‌ಟಾಪ್ ಬಂತು. ವರ್ಷವಾರು ಫೋಲ್ಡರ್‌ಗಳನ್ನಷ್ಟೇ ನಕಲು ಮಾಡಿ ಹಳೆಯದನ್ನು ಅಳಿಸಿದೆ. ಫೋಟೋಗಳೆಲ್ಲ ಬಂದವು, ಹೆಸರು ಒಂದೂ ಬರಲಿಲ್ಲ. ಬರೆದದ್ದೆಲ್ಲ ಇದ್ದದ್ದು ‘ಡಿಜಿಕ್ಯಾಮ್4.ಡಿಬಿ’ ಎಂಬ ಒಂದೇ ಕಡತದಲ್ಲಿ. ಅದನ್ನು ನಕಲು ಮಾಡಿರಲಿಲ್ಲ. ತಪ್ಪು ಪೂರ್ತಿ ನನ್ನದೇ. ತಂತ್ರಾಂಶ ಕೇಳಿತ್ತು, ಉತ್ತರ ಕೊಟ್ಟವನು ನಾನು.

ಎರಡನೆಯ ಸಲ ‘ಸೇರಿಸು’ ಎಂದೆ. ಈಗ ಹೆಸರು, ಊರು, ಸಂದರ್ಭ ಎಲ್ಲವೂ ಚಿತ್ರದ ಜೊತೆಗೇ, ಬೇರೆ ತಂತ್ರಾಂಶಗಳೂ ಓದಬಲ್ಲ ಎಕ್ಸ್‌ಎಂಪಿ ರೂಪದಲ್ಲಿ ಕಡತದೊಳಗೆ ಕುಳಿತಿರುತ್ತವೆ. ಕನ್ನಡದಲ್ಲಿ ಬರೆದರೂ ತೊಂದರೆಯಿಲ್ಲ. ಯಾವುದೇ ಉಚಿತ ತಂತ್ರಾಂಶ ಆರಿಸುವ ಮುನ್ನ ನಾನು ಈಗ ಕೇಳುವ ಮೊದಲ ಪ್ರಶ್ನೆ ಇದೇ: ನಾಳೆ ನಿನ್ನನ್ನು ಬಿಟ್ಟು ಹೋದರೆ ನಾನು ಬರೆದದ್ದು ನನ್ನ ಜೊತೆ ಬರುತ್ತದೆಯೇ?

ಹೆಸರಿಡುವುದರಲ್ಲೂ ಒಂದು ಪಾಠ ಕಲಿತೆ. ಮೊದಲು ‘ದೊಡ್ಡಪ್ಪ’, ‘ಚಿಕ್ಕಮ್ಮ’ ಎಂದೆಲ್ಲ ಬರೆದಿದ್ದೆ. ಮಗಳು ನೋಡಿ, “ಯಾರ ದೊಡ್ಡಪ್ಪ?” ಎಂದಳು. ಅವಳಿಗೆ ಅವರು ಅಜ್ಜ. ಅಂದಿನಿಂದ ಜನರಿಗೆ ಸ್ವಂತ ಹೆಸರು, ಅದರ ಜೊತೆ ಮನೆತನ. ಸಂದರ್ಭಗಳನ್ನು ಒಂದರೊಳಗೊಂದು ಜೋಡಿಸಬಹುದಾದ್ದರಿಂದ ‘ಮದುವೆ’ಯ ಕೆಳಗೆ ಯಾರ ಮದುವೆ, ಅದರ ಕೆಳಗೆ ಚಪ್ಪರ, ಧಾರೆ, ಬೀಗರೂಟ.

ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಗಳದ್ದು ಬೇರೆಯೇ ಗೋಳು. ಕ್ಯಾಮೆರಾ ಬರೆದ ದಿನಾಂಕ ಅವುಗಳಲ್ಲಿ ಉಳಿದಿರುವುದಿಲ್ಲ. ಆದರೆ ಕಡತದ ಹೆಸರಿನಲ್ಲೇ 20190512 ಎಂಬಂಥ ಅಂಕಿಗಳಿರುತ್ತವೆ. ಡಿಜಿಕ್ಯಾಮ್‌ನ ಸಮಯ ಸರಿಪಡಿಸುವ ಸಲಕರಣೆಗೆ ‘ಕಡತದ ಹೆಸರಿನಿಂದ ತೆಗೆದುಕೋ’ ಎಂದರೆ ನೂರಾರು ಚಿತ್ರಗಳು ಒಟ್ಟಿಗೇ ತಮ್ಮ ಜಾಗಕ್ಕೆ ಹೋಗುತ್ತವೆ. ಅದು ಚಿತ್ರ ಕಳಿಸಿದ ದಿನ, ತೆಗೆದ ದಿನವಲ್ಲ ಎಂಬುದು ನೆನಪಿರಲಿ. ಒಂದೇ ಚಿತ್ರದ ನಾಲ್ಕು ನಕಲುಗಳನ್ನು ಹುಡುಕಿಕೊಡುವ ಸೌಲಭ್ಯವೂ ಇದೆ; ನಮ್ಮ ಕುಟುಂಬದ ಗುಂಪಿನ ದೆಸೆಯಿಂದ ಅದಕ್ಕೆ ಕೈತುಂಬ ಕೆಲಸ.

ಸರಳವೇ ಎಂದರೆ, ಅಲ್ಲ. ಎಡಕ್ಕೂ ಬಲಕ್ಕೂ ಅಡ್ಡಡ್ಡ ಬರೆದ ಪಟ್ಟಿಗಳು, ಸೆಟ್ಟಿಂಗ್ಸ್ ಪುಟವಂತೂ ತಹಶೀಲ್ದಾರ್ ಕಚೇರಿಯ ಅರ್ಜಿಯಂತೆ. ಮುಖ ಗುರುತಿಸಲು ಬೇಕಾದ ಕಡತಗಳನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ದಿನಬಳಕೆಗೆ ನನಗೆ ಬೇಕಾಗುವುದು ಅದರ ಹತ್ತರಲ್ಲಿ ಒಂದು ಪಾಲು, ಉಳಿದದ್ದರ ಕಡೆ ತಿರುಗಿಯೂ ನೋಡುವುದಿಲ್ಲ. ಮೊಬೈಲಿನಲ್ಲೇ ಎಲ್ಲವೂ ಆಗಬೇಕು ಎನ್ನುವವರಿಗೆ ಇದು ಒಗ್ಗದು. ಕಂಪ್ಯೂಟರಿನಲ್ಲಿ ಸಾವಿರಗಟ್ಟಲೆ ಫೋಟೋ ಇಟ್ಟುಕೊಂಡು ಒಂದು ವಾರಾಂತ್ಯ ಕೊಡಬಲ್ಲವರು ಹಾಕಿಕೊಳ್ಳಿ. ಬೇರೆ ಡಿಸ್ಕ್‌ನಲ್ಲಿ ಪ್ರತಿ ಇಟ್ಟೇ ಶುರು ಮಾಡಿ.

ಕಳೆದ ದೀಪಾವಳಿಗೆ ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳನ್ನು ಒಳಗೆ ಹಾಕಿದೆ. ಕಪ್ಪುಬಿಳುಪಿನ ಒಂದು ಮುಖಕ್ಕೆ ಅದು ನನ್ನ ತಂಗಿಯ ಹೆಸರು ಸೂಚಿಸಿ, ಹೌದೇ ಎಂದು ಕೇಳಿತು. ಅದು ಕಾಲೇಜಿನ ಕಾಲದ ಅಮ್ಮ. ಕರೆದು ತೋರಿಸಿದೆ. ಅಮ್ಮ ಕನ್ನಡಕ ಏರಿಸಿ, ಕುರ್ಚಿ ಎಳೆದು ಪಕ್ಕದಲ್ಲೇ ಕುಳಿತರು. ಹೆಸರಿಲ್ಲದ ಮುಖಗಳ ಸಾಲನ್ನು ಒಂದೊಂದಾಗಿ ಬಿಡಿಸುತ್ತಾ ಹೋದರು: ಹಾಲು ಕೊಡುತ್ತಿದ್ದವರು, ಪುರೋಹಿತರ ಮಗ, ಅಪ್ಪನ ಜೊತೆ ಓದಿದವರು. ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೆ ಕೈಚಾಚಿದ್ದ ಒಬ್ಬರ ಮುಂದೆ ಮಾತ್ರ ಬಹಳ ಹೊತ್ತು ನಿಂತರು.

“ಯಾರೋ ಊಟಕ್ಕೆ ಬಂದವರು ಇರಬೇಕು. ಮುಂದಿನದು ಹಾಕು.”