ಕೆರ್ಬೆರಾಸ್ ಟಿಕೆಟ್: ರಿನ್ಯೂ ಮಾಡ್ತಾ ಕೂರೋದಕ್ಕಿಂತ ಕೆ5ಸ್ಟಾರ್ಟ್ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆ5ಸ್ಟಾರ್ಟ್‌ಗೆ. ಕೆರ್ಬೆರಾಸ್ ಅಂದರೆ ನೆಟ್‌ವರ್ಕ್‌ನಲ್ಲಿ ನಾವು ಯಾರೆಂದು ಸಾಬೀತು ಮಾಡುವ ವ್ಯವಸ್ಥೆ; ಅದು ಕೊಡುವ, ಇಂತಿಷ್ಟು ಹೊತ್ತು ಮಾತ್ರ ಬಾಳುವ ಗುರುತೇ ಟಿಕೆಟ್. ಅದು ಮುಗಿಯದಂತೆ ನೋಡಿಕೊಳ್ಳುವ ಪ್ರೋಗ್ರಾಂ ಕೆ5ಸ್ಟಾರ್ಟ್. ರಾತ್ರಿ 8ಕ್ಕೆ ಶುರುವಾಗಿ ಬೆಳಗಿನವರೆಗೂ ತಾನೇ ಓಡುವ ಒಂದು ಜಾಬ್ (ಪ್ರೋಗ್ರಾಂ) ನನ್ನ ತಲೆ ಮೇಲಿದೆ. ಟಿಕೆಟ್ ಬಾಳಿಕೆ 10 ಗಂಟೆ, ಜಾಬ್‌ಗೆ ಬೇಕಾಗುವುದು 12. ಮೂರು ದಾರಿ ನೋಡಿದೆ: ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಸಾಧನ) ಕೆಇನಿಟ್ ಎಂಬ ಟಿಕೆಟ್ ಕಮಾಂಡ್ ಹಾಕಿ ರಿನ್ಯೂ ಮಾಡುವುದು, ಟಿಕೆಟ್ ತಾನೇ ರಿನ್ಯೂ ಮಾಡುತ್ತಿರುವ ಕೆರಿನ್ಯೂ, ಕೀಟ್ಯಾಬ್ (ಪಾಸ್‌ವರ್ಡ್ ಬದಲಿಗೆ ಬಳಸುವ ಕೀ ಇರುವ ಫೈಲ್) ಇಟ್ಟು ಕೆ5ಸ್ಟಾರ್ಟ್.

ಕ್ರಾನ್ ಮೊದಲ ರಾತ್ರಿಯೇ ಕೈಕೊಟ್ಟಿತು. ಕೇಳಿದ ಆಪ್ಶನ್ ಕೊಡಲಾಗದು ಅಂತ ಟಿಕೆಟ್ ಕೊಡುವ ಸರ್ವರ್ ಆದ ಕೆಡಿಸಿಯಿಂದ ಎರರ್. ಟಿಕೆಟ್ ವಿವರ ತೋರಿಸುವ ಕೆಲಿಸ್ಟ್ ಹಾಕಿ ನೋಡಿದರೆ ರಿನ್ಯೂ ಮಾಡಬಹುದು ಎನ್ನುವ ಆರ್ ಫ್ಲ್ಯಾಗ್ ಇದೆ, ಆದರೆ ಎಲ್ಲಿಯವರೆಗೆ ರಿನ್ಯೂ ಮಾಡಬಹುದು ಎನ್ನುವ ಸಮಯವೂ ಟಿಕೆಟ್ ಶುರುವಾದ ಸಮಯವೂ ಒಂದೇ, ಸೆಕೆಂಡ್ ಕೂಡ ವ್ಯತ್ಯಾಸವಿಲ್ಲ. ನಾನು ಕೇಳಿದ್ದು 7 ದಿನ!

ಕ್ಲೈಂಟ್ ಕಡೆ ಸೆಟ್ಟಿಂಗ್ ಬದಲಿಸಿದೆ, ಆಗಲಿಲ್ಲ. ಕೆಡಿಸಿ ಕಾನ್ಫಿಗ್‌ನಲ್ಲಿ 7 ದಿನ ಹಾಕಿ ರೀಸ್ಟಾರ್ಟ್ ಮಾಡಿದೆ, ಆಗಲೂ ಅದೇ. ಅರ್ಧ ದಿನ ಹೋಯಿತು. ಆಮೇಲೆ ಗೊತ್ತಾಯಿತು: ನಾವು ಕೇಳಿದ್ದು, ಕಾನ್ಫಿಗ್‌ನಲ್ಲಿರುವುದು, ನಮ್ಮ ಪ್ರಿನ್ಸಿಪಲ್‌ನ (ಕೆರ್ಬೆರಾಸ್ ಖಾತೆ) ಮಿತಿ, ಟಿಕೆಟ್ ಕೊಡುವ ಸೇವೆಯದೇ ಖಾತೆಯಾದ ಕೆಆರ್‌ಬಿಟಿಜಿಟಿ ಪ್ರಿನ್ಸಿಪಲ್‌ನ ಮಿತಿ, ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅದನ್ನೇ ಕೆಡಿಸಿ ಕೊಡುತ್ತದೆ. ಎಂಐಟಿ ಕೆರ್ಬೆರಾಸ್‌ನಲ್ಲಿ ಕಾನ್ಫಿಗ್‌ನ ಈ ರಿನ್ಯೂ ಮಿತಿಯ ಡೀಫಾಲ್ಟ್ 0. ರೆಲ್ಮ್ (ಒಂದು ಕೆರ್ಬೆರಾಸ್ ವ್ಯಾಪ್ತಿ) ಮಾಡಿದ ದಿನವೇ ಆ 0 ಕೆಆರ್‌ಬಿಟಿಜಿಟಿ ಒಳಗೆ ಹೋಗಿ ಕೂತಿತ್ತು, ಕಾನ್ಫಿಗ್ ಬದಲಿಸಿದ ಮಾತ್ರಕ್ಕೆ ಅದು ಬದಲಾಗಲ್ಲ. ಕೆಡಿಸಿ ನಿರ್ವಹಿಸುವ ಕೆಅಡ್ಮಿನ್‌ನಲ್ಲಿ ಎರಡೂ ಪ್ರಿನ್ಸಿಪಲ್‌ಗೆ ಮಾಡ್‌ಪ್ರಿಂಕ್ (ಪ್ರಿನ್ಸಿಪಲ್ ಬದಲಿಸುವ ಕಮಾಂಡ್) ಮಾಡಿ 7 ದಿನ ಕೊಟ್ಟು, ಹಳೆ ಟಿಕೆಟ್ ಬಿಸಾಕಿ ಹೊಸದು ತಗೊಂಡ ಮೇಲೆಯೇ ಸರಿಹೋಯಿತು.

ಕೆರಿನ್ಯೂ ಕ್ರಾನ್‌ಗಿಂತ ಅಚ್ಚುಕಟ್ಟು. ಆದರೆ ಅದೂ ಮಾಡುವುದು ರಿನ್ಯೂವನ್ನೇ ಅಲ್ವಾ, ಹಾಗಾಗಿ ಮೇಲಿನಂತೆ ರಿನ್ಯೂ ಆಗದ ಟಿಕೆಟ್ ಸಿಕ್ಕರೆ ಅದಕ್ಕೂ ಅದೇ ಗತಿ. ಟಿಕೆಟ್ ಸರಿಯಿದ್ದರೂ 7 ದಿನ ಆದಮೇಲೆ ಯಾರಾದರೂ ಬಂದು ಪಾಸ್‌ವರ್ಡ್ ಒತ್ತಬೇಕು. ಹಬ್ಬಕ್ಕೆ ಊರಿಗೆ ಹೋದಾಗ ಇದು ಆಗುವ ಕೆಲಸವಲ್ಲ.

ಕೆ5ಸ್ಟಾರ್ಟ್ ರಿನ್ಯೂ ಗೋಜಿಗೇ ಹೋಗಲ್ಲ. ನಾನು 60 ನಿಮಿಷ ಕೊಟ್ಟಿದ್ದೇನೆ, ಅಷ್ಟಕ್ಕೊಮ್ಮೆ ಎದ್ದು ನೋಡಿ, ಟಿಕೆಟ್ ಮುಗಿಯುವಂತಿದ್ದರೆ ಕೀಟ್ಯಾಬ್‌ನಿಂದ ಹೊಸದೇ ತರುತ್ತದೆ. ಫ್ಲ್ಯಾಗ್ ಹೇಗಿದ್ದರೂ ಚಿಂತೆಯಿಲ್ಲ.

ಒಂದೇ ಭಯ: ಕೀಟ್ಯಾಬ್ ಅಂದರೆ ಪಾಸ್‌ವರ್ಡೇ. ಅದಕ್ಕೆ ಈ ಜಾಬ್‌ಗೆಂದೇ ಬೇರೆ ಪ್ರಿನ್ಸಿಪಲ್ ಮಾಡಿ, ಬೇಕಾದಷ್ಟೇ ಹಕ್ಕು ಕೊಟ್ಟು, ಫೈಲ್‌ಗೆ 600 ಪರ್ಮಿಷನ್ (ಮಾಲೀಕರು ಮಾತ್ರ ಓದಿ ಬರೆಯಬಹುದು) ಹಾಕಿದ್ದೇನೆ.

ನಮ್ಮ ಮೆಷಿನ್ ಗಡಿಯಾರಕ್ಕೂ ಕೆಡಿಸಿ ಗಡಿಯಾರಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಆದರೆ ಮೂರೂ ಕೈಕೊಡಬಹುದು.

ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ನಮ್ಮಲ್ಲಿರುವುದು ಒಂದು ಚಿಕ್ಕ ವಿಎಂ, ನೋಡಿಕೊಳ್ಳಲು ನಾನೊಬ್ಬಳೇ, ಹಾಗಾಗಿ ನನಗೆ ಕೆ5ಸ್ಟಾರ್ಟ್. ನಿಮ್ಮ ಆಫೀಸಿನಲ್ಲಿ ಕೀಟ್ಯಾಬ್ ಡಿಸ್ಕ್ ಮೇಲೆ ಇಡಲು ಬಿಡದಿದ್ದರೆ ಕೆರಿನ್ಯೂ ಹಾಕಿ, ಆದರೆ ಅದಕ್ಕೂ ಮುಂಚೆ ಕೆಅಡ್ಮಿನ್‌ನಲ್ಲಿ ಗೆಟ್‌ಪ್ರಿಂಕ್ (ಪ್ರಿನ್ಸಿಪಲ್ ವಿವರ ತೋರಿಸುವ ಕಮಾಂಡ್) ಮಾಡಿ ಕೆಆರ್‌ಬಿಟಿಜಿಟಿಯಲ್ಲಿ 0 ಕೂತಿದೆಯಾ ನೋಡಿಬಿಡಿ.